ಎಳ್ಳಮಾವಾಸ್ಯೆಯ ಬುತ್ತಿ ಮತ್ತು ಅಗತ್ಯಗಳ ನಕ್ಷೆ

‘ಮೊದಲು ಹೊಟ್ಟೆ ತುಂಬಲಿ, ಉಳಿದದ್ದು ಆಮೇಲೆ’ ಎಂಬ ಮಾತಿಗೆ ಮನುಷ್ಯನ ಅಗತ್ಯಗಳನ್ನು ಹಸಿವಿನಿಂದ ಮೊದಲುಗೊಂಡು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ, ಮನಶ್ಶಾಸ್ತ್ರಜ್ಞ ಅಬ್ರಹಾಂ ಮ್ಯಾಸ್ಲೊ ಅವರ ಹೆಸರಿನ ಪಿರಮಿಡ್ಡನ್ನು ಆಧಾರವಾಗಿ ತೋರಿಸುವವರು ಬಹಳ. ಆದರೆ 1943ರ ಅವರ ಪ್ರಬಂಧದಲ್ಲಿ ಪಿರಮಿಡ್ಡಿನ ಚಿತ್ರವೇ ಇಲ್ಲ. ಈ ಶ್ರೇಣಿ ಅಷ್ಟು ಬಿಗಿಯಾದುದಲ್ಲವೆಂದು ಅವರೇ ಅಲ್ಲಿ ಬರೆದಿದ್ದಾರೆ.

ಚಿಲಿಯ ಅರ್ಥಶಾಸ್ತ್ರಜ್ಞ ಮ್ಯಾನ್‌ಫ್ರೆಡ್ ಮ್ಯಾಕ್ಸ್-ನೀಫ್ 1980ರ ದಶಕದಲ್ಲಿ ಮೆಟ್ಟಿಲುಗಳನ್ನು ಬಿಟ್ಟು ಕೋಷ್ಟಕವೊಂದನ್ನು ಮುಂದಿಟ್ಟರು. ಜೀವಧಾರಣೆ, ರಕ್ಷಣೆ, ಮಮತೆ, ಅರಿವು, ಪಾಲ್ಗೊಳ್ಳುವಿಕೆ, ವಿರಾಮ, ಸೃಜನ, ಗುರುತು, ಸ್ವಾತಂತ್ರ್ಯ ಎಂಬ ಒಂಬತ್ತು ಅಗತ್ಯಗಳು ಎಲ್ಲ ಕಾಲದ ಮನುಷ್ಯರಿಗೂ ಒಂದೇ, ಬದಲಾಗುವುದು ಅವನ್ನು ಪೂರೈಸಿಕೊಳ್ಳುವ ದಾರಿ ಮಾತ್ರ ಎಂಬುದು ಅವರ ವಾದ. ಬಾಯಾರಿಕೆ ಎಲ್ಲರದೂ ಒಂದೇ. ಆದರೆ ಬೀದರಿನವರು ಹದಿನೈದನೆಯ ಶತಮಾನದಲ್ಲಿ ಜಂಬಿಟ್ಟಿಗೆ ನೆಲದ ಒಡಲು ಕೊರೆದು ಕರೇಜ್ ಸುರಂಗದಲ್ಲಿ ನೀರು ಹರಿಸಿದರೆ, ಹೊಳೆಯ ದಂಡೆಯವರು ಉಸುಕಿನಲ್ಲಿ ವರತೆ ತೋಡಿದರು.

ಈ ದಾರಿಗಳಲ್ಲಿ ಕೆಲವು ಒಂದೇ ಅಗತ್ಯವನ್ನು ಪೂರೈಸಿದರೆ, ಕೆಲವು ಒಟ್ಟಿಗೆ ಹಲವನ್ನು ಪೂರೈಸುತ್ತವೆ. ಎದೆಹಾಲು ಹಸಿವನ್ನು ನೀಗಿಸುತ್ತಲೇ ರಕ್ಷಣೆ, ಮಮತೆ, ಗುರುತುಗಳನ್ನೂ ಕೊಡುತ್ತದೆ ಎಂಬುದು ಮ್ಯಾಕ್ಸ್-ನೀಫ್ ಅವರ ಉದಾಹರಣೆ. ನಮ್ಮ ಕಲ್ಯಾಣ ಕರ್ನಾಟಕ ಭಾಗದ ರೈತರಿಗೆ ಇದನ್ನು ತೊಗರಿಯಿಂದಲೇ ಹೇಳಬಹುದು: ಬಿತ್ತಿದ್ದು ಒಂದೇ ಬೆಳೆಯಾದರೂ ಮನೆಗೆ ಬೇಳೆ, ಒಲೆಗೆ ಕಟ್ಟಿಗೆ, ದನಕ್ಕೆ ಹೊಟ್ಟು, ನೆಲಕ್ಕೆ ಸಾರಜನಕ. ಎಳ್ಳಮಾವಾಸ್ಯೆಯಂದು ಭಜ್ಜಿ, ಸಜ್ಜೆ ರೊಟ್ಟಿಯ ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಭೂತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲಿ, ಹೊಲವಿಲ್ಲದ ನೆರೆಯವರನ್ನೂ ಕೂಡಿಸಿಕೊಂಡು ಉಣ್ಣುವಾಗ ಜೀವಧಾರಣೆ, ಮಮತೆ, ವಿರಾಮ, ಗುರುತು, ಪಾಲ್ಗೊಳ್ಳುವಿಕೆ ಒಂದೇ ಪಂಕ್ತಿಯಲ್ಲಿ ಕೂರುತ್ತವೆ. ಅದೇ ಬುತ್ತಿಯನ್ನು ಮನೆಮನೆಗೆ ಪೊಟ್ಟಣ ಕಟ್ಟಿ ಹಂಚಿದರೆ ಹೊಟ್ಟೆ ತುಂಬೀತು, ಉಳಿದ ನಾಲ್ಕು ಬರಿದಾಗಿಯೇ ಉಳಿದಾವು.

ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ರಾಜ್ಯ ಸರ್ಕಾರ ನೇಮಿಸಿದ್ದ ನಂಜುಂಡಪ್ಪ ಸಮಿತಿಯು 2002ರಲ್ಲಿ 35 ಸೂಚಕಗಳಿಂದ ತಾಲ್ಲೂಕುಗಳ ಹಿಂದುಳಿದಿರುವಿಕೆಯನ್ನು ಅಳೆದದ್ದು ಈ ಭಾಗಕ್ಕೆ ದೊಡ್ಡ ಉಪಕಾರ. ಆದರೆ ತಾಲ್ಲೂಕಿನ ಸರಾಸರಿ ಓಣಿಯೊಳಗೆ ಇಣುಕಲಾರದು. ಅದಕ್ಕೆ ಓಣಿಯವರೇ ತಮ್ಮ ಅಗತ್ಯಗಳ ನಕ್ಷೆ ಬರೆಯಬೇಕು. ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಹಳ್ಳಿಯೊಂದರ ಗುಡಿಯಂಗಳದಲ್ಲಿ ಹೆಣ್ಣುಮಕ್ಕಳು ರಂಗೋಲಿ ಪುಡಿಯಿಂದ ಊರನ್ನು ಬರೆದು, ಕೊರತೆಯಿದ್ದ ಕಡೆ ತೊಗರಿಕಾಳು ಇಟ್ಟಿದ್ದನ್ನು ನಾನು ಕಂಡಿದ್ದೇನೆ. ನಳದ ಹತ್ತಿರ ರಾಶಿ ಬೀಳುತ್ತದೆಂದು ಕಾದಿದ್ದೆ. ಹೆಚ್ಚು ಕಾಳು ಬಿದ್ದದ್ದು ಬಸ್ ನಿಲ್ಲುವ ರಸ್ತೆಯಿಂದ ಊರಿಗೆ ಬರುವ, ದೀಪವಿಲ್ಲದ ದಾರಿಯ ಮೇಲೆ. ‘ಕತ್ತಲಾದ ಮ್ಯಾಲ ಮಗಳು ಕಾಲೇಜಿನಿಂದ ಬರೋತನಕ ನನಗ ರೊಟ್ಟಿ ಗಂಟಲದಾಗ ಇಳಿಯಂಗಿಲ್ರಿ’ ಎಂದರು ಒಬ್ಬ ತಾಯಿ. ರಕ್ಷಣೆ, ಅರಿವು, ಸ್ವಾತಂತ್ರ್ಯ ಮೂರೂ ಆ ಒಂದು ದಾರಿಯಲ್ಲಿ ಕೂಡಿದ್ದವು. ಗ್ರಾಮಸಭೆಗೆ ಕೊಟ್ಟ ಅರ್ಜಿಯಲ್ಲಿ ಅವರು ಮೊದಲು ಬರೆಸಿದ್ದು ನಾಲ್ಕು ದೀಪದ ಕಂಬಗಳನ್ನು.