ನಾರ್ಕೊಲೆಪ್ಸಿ ಚಿಕ್ಕ ವಯಸ್ಸಿನಲ್ಲೇ ಶುರುವಾದರೆ ಬೇರೆ ಥರ ಇರುತ್ತದಾ?

ಪ್ರಶ್ನೆ: ನನ್ನ ಮಗನಿಗೆ 8 ವರ್ಷ. ನಾರ್ಕೊಲೆಪ್ಸಿ, ಅಂದರೆ ಹಗಲಲ್ಲೂ ತಡೆಯಲಾಗದಷ್ಟು ನಿದ್ದೆ ಬರುವ ಕಾಯಿಲೆ, ಇರಬಹುದು ಅಂತ ಡಾಕ್ಟರ್ ಹೇಳಿದ್ದಾರೆ. ಅದು ದೊಡ್ಡವರಿಗೆ ಬರುವ ಕಾಯಿಲೆ ಅಲ್ವಾ? ಇಷ್ಟು ಬೇಗ ಬಂದರೆ ಏನು ವ್ಯತ್ಯಾಸ?

ಉತ್ತರ: ದೊಡ್ಡವರಿಗೇ ಬರುವುದು ಅಂತೇನಿಲ್ಲ. ಜಾಸ್ತಿ ಜನರಿಗೆ ಇದು ಶುರುವಾಗುವುದು 15ರ ಆಸುಪಾಸಿನಲ್ಲಿ. 35ರ ಹೊತ್ತಿಗೆ ಶುರುವಾಗುವವರೂ ಇದ್ದಾರೆ, ಆದರೆ ಕಡಿಮೆ. ಎಷ್ಟೋ ಜನರಿಗೆ ಕಾಯಿಲೆ ಪತ್ತೆಯಾಗುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ. ಅಷ್ಟೂ ವರ್ಷ ಮಗು 'ಸೋಮಾರಿ', 'ಕುಂಭಕರ್ಣ' ಅನ್ನಿಸಿಕೊಂಡೇ ಬೆಳೆಯುತ್ತದೆ. ನನಗೆ ಸಂಕಟವಾಗುವುದು ಅದಕ್ಕೇ.

ನಮ್ಮನ್ನು ಎಚ್ಚರವಾಗಿಡುವ ಒರೆಕ್ಸಿನ್ ಎಂಬ ರಾಸಾಯನಿಕ ಮೆದುಳಿನ ಹೈಪೋಥಲಾಮಸ್‌ನಲ್ಲಿ ತಯಾರಾಗುತ್ತದೆ. ಟೈಪ್ 1 ನಾರ್ಕೊಲೆಪ್ಸಿಯಲ್ಲಿ (ಹಗಲು ನಿದ್ದೆಯ ಜೊತೆಗೆ ಸ್ನಾಯುಗಳು ಹಠಾತ್ತನೆ ಸಡಿಲವಾಗುವ ಬಗೆ) ಅದನ್ನು ತಯಾರಿಸುವ ಜೀವಕೋಶಗಳೇ ನಾಶವಾಗುತ್ತವೆ. ಯಾವ ವಯಸ್ಸಿನಲ್ಲಿ ಬಂದರೂ ಮೂಲ ಇದೇ. ಹೊರಗೆ ಕಾಣುವುದು ಮಾತ್ರ ಬೇರೆ.

ದೊಡ್ಡವರು ಕೂತಲ್ಲೇ ತೂಕಡಿಸುತ್ತಾರೆ. ಮಕ್ಕಳು ನಿದ್ದೆ ತಡೆಯಲಾಗದೆ ಸುಮ್ಸುಮ್ನೆ ರೇಗಬಹುದು, ಕೂತಲ್ಲಿ ಕೂರದೆ ಓಡಾಡಬಹುದು. ಹಾಗಾಗಿ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ಸಮಸ್ಯೆ) ಅಂದುಕೊಳ್ಳುವುದೂ ಉಂಟು. ಮಧ್ಯಾಹ್ನದ ನಿದ್ದೆ ಯಾವಾಗಲೋ ಬಿಟ್ಟಿದ್ದ ಮಗು ಮತ್ತೆ ಮಲಗತೊಡಗುತ್ತದೆ. ಕೆಲವು ಮಕ್ಕಳ ತೂಕ ಕೆಲವೇ ತಿಂಗಳಲ್ಲಿ ಸರ್ರನೆ ಏರುತ್ತದೆ.

ಕ್ಯಾಟಪ್ಲೆಕ್ಸಿ, ಅಂದರೆ ಸ್ನಾಯುಗಳು ಹಠಾತ್ತನೆ ಸಡಿಲವಾಗುವುದು, ಅದೂ ಹಾಗೆಯೇ. ದೊಡ್ಡವರಿಗೆ ಜೋರಾಗಿ ನಕ್ಕಾಗ ಮೊಣಕಾಲು ಕುಸಿಯುತ್ತದೆ, ಪ್ರಜ್ಞೆ ಇದ್ದೇ ಇರುತ್ತದೆ. ಮಕ್ಕಳಿಗೆ ಶುರುವಿನಲ್ಲಿ ನಗುವೇ ಬೇಕೆಂದಿಲ್ಲ. ಸುಮ್ಮನೆ ಟಿವಿ ನೋಡುತ್ತಾ ಕೂತಾಗಲೇ ರೆಪ್ಪೆ ಅರ್ಧ ಇಳಿಯುತ್ತದೆ, ದವಡೆ ಜೋಲುತ್ತದೆ, ನಾಲಿಗೆ ತುದಿ ಹೊರಗೆ ಬರುತ್ತದೆ. 'ಅಣಕಿಸ್ತೀಯಾ?' ಅಂತ ಗದರಬೇಡಿ. ಮೊಬೈಲಿನಲ್ಲಿ ವಿಡಿಯೊ ಮಾಡಿ ಡಾಕ್ಟರಿಗೆ ತೋರಿಸಿ. ಬಾಯಲ್ಲಿ ಹೇಳಿದ್ದಕ್ಕಿಂತ ಅದು ಹೆಚ್ಚು ತಿಳಿಸುತ್ತದೆ.

ಬೇಗ ಶುರುವಾದವರಲ್ಲಿ ಹಗಲು ನಿದ್ದೆ, ಕ್ಯಾಟಪ್ಲೆಕ್ಸಿ ಎರಡೂ ಸಾಮಾನ್ಯವಾಗಿ ಸ್ವಲ್ಪ ಜೋರು. ನಡುವಯಸ್ಸಿನಲ್ಲಿ ಬಂದಾಗ ತೊಂದರೆ ಬೇರೆ: ಗೊರಕೆ, ಮಾತ್ರೆ, ಕೆಲಸದ ಒತ್ತಡ, ಯಾವುದರ ಮೇಲಾದರೂ ತಪ್ಪು ಹೊರಿಸಿಬಿಡುತ್ತೇವೆ.

ಪರೀಕ್ಷೆಗೆ ಒಂದು ರಾತ್ರಿ ಲ್ಯಾಬಿನಲ್ಲಿ ಮಲಗಬೇಕು. ಮರುದಿನ ಎರಡೆರಡು ಗಂಟೆಗೊಮ್ಮೆ ಮಲಗಿಸಿ, ಎಷ್ಟು ನಿಮಿಷದಲ್ಲಿ ನಿದ್ದೆ ಹತ್ತುತ್ತದೆ ಎಂದು ನೋಡುತ್ತಾರೆ. ಸರಾಸರಿ 8 ನಿಮಿಷದೊಳಗೆ ಹತ್ತಿದರೆ, ಜೊತೆಗೆ ಕನಸಿನ ನಿದ್ದೆ ತೀರಾ ಬೇಗ ಬರುತ್ತಿದ್ದರೆ, ನಾರ್ಕೊಲೆಪ್ಸಿಯ ಅನುಮಾನ ಗಟ್ಟಿಯಾಗುತ್ತದೆ.

ಕಾಯಿಲೆ ಪೂರ್ತಿ ಹೋಗುವುದಿಲ್ಲ, ಆದರೆ ಮಾತ್ರೆಗಳಿಂದ ಹತೋಟಿಗೆ ಬರುತ್ತದೆ. ಅದು ಖಚಿತವಾದರೆ ಮಗನ ಕ್ಲಾಸ್ ಟೀಚರ್ ಹತ್ತಿರ ಮಾತಾಡಿ. ಊಟದ ಬಿಡುವಿನಲ್ಲಿ 15–20 ನಿಮಿಷ ತಲೆಯಿಟ್ಟು ಮಲಗಲು ಅವನಿಗೊಂದು ಜಾಗ ಕೇಳಿ.