ಅಮೆರಿಕದ ಕಾಕಸ್‌ಗಳ ಮಾತು ಚೀನಾ ವಿಷಯದಲ್ಲಿ ಯಾಕೆ ನಡೆಯುತ್ತೆ?

ಓದುಗರ ಪ್ರಶ್ನೆ: ಅಮೆರಿಕದ ಸಂಸದರು ಚೀನಾ ಕಾಕಸ್, ತೈವಾನ್ ಕಾಕಸ್ ಅಂತ ಗುಂಪು ಕಟ್ಟಿಕೊಳ್ಳುತ್ತಾರೆ. ಇವುಗಳಿಗೆ ಅಧಿಕಾರ ಏನಿದೆ? ನಮ್ಮ ಸಂಸದರು ಯಾಕೆ ಹೀಗೆ ಮಾಡಲ್ಲ?
– ಫೌಂಡ್ರಿ ಮಾಲೀಕರೊಬ್ಬರು, ಉದ್ಯಮಬಾಗ, ಬೆಳಗಾವಿ

ಅಧಿಕಾರ ಅಂತ ಕೇಳಿದರೆ, ಸೊನ್ನೆ. ಕಾಕಸ್ ಕಾನೂನು ಮಾಡುವಂತಿಲ್ಲ, ಯಾರಿಗೂ ಸಮನ್ಸ್ ಕಳಿಸುವಂತಿಲ್ಲ. ಸುವರ್ಣಸೌಧದಲ್ಲಿ ಕೃಷ್ಣಾ ಮೇಲ್ದಂಡೆ ವಿಷಯ ಬಂದಾಗ ನಮ್ಮ ಭಾಗದ ಶಾಸಕರು ಪಕ್ಷ ಬದಿಗಿಟ್ಟು ಮಾತಾಡುವುದುಂಟಲ್ಲ, ಹೆಚ್ಚುಕಮ್ಮಿ ಹಾಗೆ. ಆದರೆ ಅಲ್ಲಿ ಗುಂಪಿಗೆ ಹೆಸರಿದೆ, ಅಧ್ಯಕ್ಷರಿದ್ದಾರೆ, ವರ್ಷವಿಡೀ ಕೆಲಸವಿದೆ: ತಜ್ಞರನ್ನು ಕರೆಸಿ ಕೇಳುವುದು, ಸಚಿವರಿಗೆ ಪತ್ರ ಬರೆಯುವುದು, ಸಹಿ ಸೇರಿಸುವುದು.

2005ರಲ್ಲಿ ಚೀನಾಗೆಂದೇ ಇಂಥ ಎರಡು ಗುಂಪು ಹುಟ್ಟಿದವು. ಅಂದಿನ ಸಂಸದ ರಾಂಡಿ ಫೋರ್ಬ್ಸ್ ಕಟ್ಟಿದ ಚೀನಾ ಕಾಕಸ್‌ನ ಕಣ್ಣು ಚೀನಾದ ಸೇನೆಯ ಮೇಲಿತ್ತು. ಅಂದಿನ ಸಂಸದ ಮಾರ್ಕ್ ಕರ್ಕ್ ಮತ್ತು ಸಂಸದ ರಿಕ್ ಲಾರ್ಸನ್ ಕಟ್ಟಿದ ಇನ್ನೊಂದು ಗುಂಪಿನದು, ಚೀನಾ ಜೊತೆ ಮಾತುಕತೆ ಬಿಡಬಾರದು ಅನ್ನೋ ವಾದ. ಲಾರ್ಸನ್ ಅವರ ಕ್ಷೇತ್ರದ ಎವರೆಟ್‌ನಲ್ಲಿ ಬೋಯಿಂಗ್ ಕಾರ್ಖಾನೆ ಇದೆ. ಚೀನಾ ವಿಮಾನ ಕೊಳ್ಳುವ ದೊಡ್ಡ ಗಿರಾಕಿ. ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದೇ ವರ್ಷ ಚೀನಾದ ಸರ್ಕಾರಿ ಎಣ್ಣೆ ಕಂಪನಿ ಸಿನೂಕ್, ಅಮೆರಿಕದ ಎಣ್ಣೆ ಕಂಪನಿ ಯುನೊಕಾಲ್ ಕೊಳ್ಳಲು 1,850 ಕೋಟಿ ಡಾಲರ್ ಕೊಡ್ತೀನಿ ಅಂತ ಬಂತು. ಕೆಳಮನೆ 398–15 ಮತಗಳಿಂದ ಆತಂಕದ ನಿರ್ಣಯ ಮಾಡಿತು. ಅದು ಕಾಕಸ್‌ನ ನಿರ್ಣಯವಲ್ಲ, ಸದನದ್ದು. ಕಾನೂನಿನ ಬಲವೂ ಅದಕ್ಕಿರಲಿಲ್ಲ. ಆದ್ರೂ ಆಗಸ್ಟ್‌ನಲ್ಲಿ ಸಿನೂಕ್ ಹಿಂದೆ ಸರಿಯಿತು. ಒಂದು ದೇಶದ ಬಗ್ಗೆ ಸದನಕ್ಕೆ ಇಂಥ ಅಭಿಪ್ರಾಯ ಒಂದೇ ದಿನದಲ್ಲಿ ಬರಲ್ಲ. ಅದನ್ನು ಮೊದಲೇ, ಸದ್ದಿಲ್ಲದೆ ಬೆಳೆಸುವುದೇ ಕಾಕಸ್‌ಗಳ ನಿಜವಾದ ಕೆಲಸ ಅಂತ ನನಗನ್ನಿಸುತ್ತೆ.

ಇನ್ನು ನಮ್ಮ ಕಥೆ. ಅಮೆರಿಕದಲ್ಲಿ ಒಪ್ಪಂದಕ್ಕೆ ಸೆನೆಟ್‌ನ ಮೂರರಲ್ಲಿ ಎರಡು ಭಾಗದ ಒಪ್ಪಿಗೆ ಬೇಕು. ರಾಯಭಾರಿ ನೇಮಕಕ್ಕೂ ಸೆನೆಟ್ ಹೂಂ ಅನ್ನಬೇಕು. ಹಾಗಾಗಿ ಸಂಸದರ ಪತ್ರವನ್ನು ಸುಮ್ನೆ ಪಕ್ಕಕ್ಕಿಡಲು ಆಗಲ್ಲ. ನಮ್ಮಲ್ಲಿ ಒಪ್ಪಂದ ಮಾಡಿಕೊಳ್ಳೋದು ಸರ್ಕಾರ. ಸಂಸತ್ತಿನ ಮುದ್ರೆ ಕಡ್ಡಾಯವಲ್ಲ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ ವಿಪ್ (ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ) ಮೀರಿ ಮತ ಹಾಕಿದರೆ ಸೀಟೇ ಹೋಗಬಹುದು. ಹೀಗಿರುವಾಗ ಪಕ್ಷ ಮೀರಿ ಗುಂಪು ಕಟ್ಟೋದು ಕಷ್ಟ. ಸಂಸತ್ತಿನ ವಿದೇಶಾಂಗ ಸ್ಥಾಯಿ ಸಮಿತಿ 2018ರಲ್ಲಿ ಚೀನಾ ಜೊತೆಗಿನ ಡೋಕ್ಲಾಂ ಗಡಿ ಬಿಕ್ಕಟ್ಟಿನ ಬಗ್ಗೆ ವರದಿ ಕೊಟ್ಟಿತು. ಆದರೆ ಇಂಥ ಶಿಫಾರಸುಗಳನ್ನು ಸರ್ಕಾರ ಒಪ್ಪಲೇಬೇಕು ಅಂತಿಲ್ಲ.

ನಿಮ್ಮ ವ್ಯಾಪಾರಕ್ಕೆ ಬೇಕಾದ ಮಾತು ಇಷ್ಟು: ಕಾಕಸ್ ಪತ್ರದ ಸುದ್ದಿ ಬಂದರೆ ಸಹಿಗಳನ್ನು ನೋಡಿ. ಎರಡೂ ಪಕ್ಷದವರು, ಜೊತೆಗೆ ವಾಣಿಜ್ಯದ ವಿಷಯ ನೋಡುವ ಸಮಿತಿಯ ಅಧ್ಯಕ್ಷರು ಇದ್ದರೆ ಎಚ್ಚರ. ಇಲ್ಲದಿದ್ದರೆ ಚಹಾ ಕುಡೀತಾ ಓದಿ ಬಿಟ್ಟುಬಿಡಿ.