ಪದ ಪರಿಚಯ: ಆಂತರಿಕ ಅಂಕ

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ರಾಯಚೂರಿನ ಯಾವ ಕಾಲೇಜಿನ ನೋಟಿಸ್ ಬೋರ್ಡ್ ಮುಂದೆ ನಿಂತರೂ ಕಿವಿಗೆ ಬೀಳುವ ಮಾತು ಒಂದೇ: ‘ಇಂಟರ್ನಲ್ಸ್ ಎಷ್ಟ್ ಹಾಕ್ಯಾರಲೇ?’

ಆ ಕ್ರಿಯಾಪದ ಗಮನಿಸಿ. ಪರೀಕ್ಷೆಯ ಅಂಕ ನಮ್ಮ ಬಾಯಲ್ಲಿ ‘ಬರುತ್ತವೆ’. ಆಂತರಿಕ ಅಂಕಗಳನ್ನು ಮಾತ್ರ ಯಾರೋ ‘ಹಾಕುತ್ತಾರೆ’.

ಒಂದು ಪತ್ರಿಕೆಯ ಒಟ್ಟು ಅಂಕಗಳಲ್ಲಿ, ಪಾಠ ಮಾಡಿದ ಅಧ್ಯಾಪಕರೇ ಕಾಲೇಜಿನೊಳಗೆ ಕೊಡುವ ಪಾಲಿಗೆ ಆಂತರಿಕ ಅಂಕ ಎನ್ನುತ್ತಾರೆ. ಕಿರುಪರೀಕ್ಷೆ, ಅಸೈನ್‌ಮೆಂಟ್, ಸೆಮಿನಾರ್, ಕೆಲವೆಡೆ ಹಾಜರಾತಿಯೂ ಇದರಲ್ಲಿ ಸೇರುತ್ತವೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಗೆ ಬಂದಾಗ ನಮ್ಮ ರಾಜ್ಯದ ಪದವಿಗಳಲ್ಲಿ ಇದು ನೂರಕ್ಕೆ 40 ಇತ್ತು. 2024-25ರಲ್ಲಿ ಮೂರು ವರ್ಷದ ಪದವಿಗೆ ಮರಳಿದಾಗ 20ಕ್ಕೆ ಇಳಿಯಿತು. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಎಂಜಿನಿಯರಿಂಗ್‌ನಲ್ಲಿ ಈಗ 50; ಅದರಲ್ಲಿ 20 ಬಾರದಿದ್ದರೆ ಸೆಮಿಸ್ಟರ್ ಪರೀಕ್ಷೆಗೇ ಕೂರುವಂತಿಲ್ಲ.

ಇದನ್ನು ಕೃಪಾಂಕದ ಜೊತೆ ಬೆರೆಸಬಾರದು. ಕೃಪಾಂಕ ದಯೆಯಿಂದ ಕೊಡುವಂಥದ್ದು, ಹೆಸರೇ ಹೇಳುತ್ತದೆ. ಆಂತರಿಕ ಅಂಕ ಮಾಡಿದ ಕೆಲಸದ ಬೆಲೆ. ವರ್ಷವಿಡೀ ಕಲಿತದ್ದನ್ನು ಮೂರು ತಾಸಿನ ಪರೀಕ್ಷೆಯೊಂದೇ ತೀರ್ಮಾನಿಸಬಾರದು, ಎಲ್ಲಿ ತಪ್ಪಿದೆ ಎಂಬುದು ನಡುವೆಯೇ ಗೊತ್ತಾಗಬೇಕು ಎಂದೇ ಈ ಪದ್ಧತಿ ಇರುವುದು. ಆದರೆ ಪರೀಕ್ಷೆಯ ಉತ್ತರಪತ್ರಿಕೆಗೆ ಶುಲ್ಕ ಕಟ್ಟಿ ಜೆರಾಕ್ಸ್ ಪ್ರತಿ ತರಿಸಬಹುದು, ಮರುಮೌಲ್ಯಮಾಪನ ಕೇಳಬಹುದು. ಆಂತರಿಕ ಅಂಕಕ್ಕೆ ಸಾಮಾನ್ಯವಾಗಿ ಆ ದಾರಿ ಇಲ್ಲ. ನನ್ನ ಸಂಕಟ ಇರುವುದು ಇಲ್ಲಿಯೇ.

ಬಿ.ಎ. ಮೊದಲ ವರ್ಷದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರ ಬಗ್ಗೆ ಅಸೈನ್‌ಮೆಂಟ್ ಬರೆದೆ. ನಮ್ಮೂರಿನ ಹೊಲಗಳಿಗೇ ಹೋಗಿದ್ದೆ. ಕಾಲುವೆಯ ಮೈಲ್ 104ರಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಇಳಿದರೆ ಮುಂದಿನ ಹೊಲಗಳ ಗತಿ ಏನು ಎಂದು ಒಬ್ಬೊಬ್ಬರನ್ನೂ ಕೇಳಿ, ಹದಿನಾಲ್ಕು ಹಾಳೆ ತುಂಬಿಸಿದ್ದೆ. ಹಾಳೆಗಳು ಕೈಗೆ ವಾಪಸ್ ಬರಲೇ ಇಲ್ಲ. ಪಟ್ಟಿಯಲ್ಲಿ ನನ್ನ ನಂಬರಿನ ಎದುರು ಹತ್ತಕ್ಕೆ ಆರು. ಗೈಡ್ ನೋಡಿ ಇಳಿಸಿದ ಗೆಳೆಯನಿಗೆ ಎಂಟು. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ‘ಸರ್, ಎಲ್ಲಿ ತಪ್ಪಾಗ್ಯಾದ್ರಿ?’ ಎಂದು ಕೇಳಿದೆ. ‘ಆರು ಹಾಕೀನಲ್ಲ, ಸಾಲಲ್ಲೇನು?’ ಎಂದರು. ಅವರೇನೂ ಕೆಟ್ಟವರಲ್ಲ, ಮೇಜಿನ ಮೇಲೆ ಅಂಥ ಕಟ್ಟುಗಳು ಎಷ್ಟೋ ಇದ್ದವು. ಆದರೂ ಆ ‘ಹಾಕೀನಲ್ಲ’ ಇವತ್ತಿಗೂ ಚುಚ್ಚುತ್ತದೆ.

ಈ ಪದಕ್ಕೆ ಅದರ ಅರ್ಥ ಉಳಿಯಬೇಕಾದರೆ ಇನ್ನೊಂದು ಪದ ಜೊತೆಗಿರಬೇಕು: ಮಾನದಂಡ. ವಿಷಯಕ್ಕೆ ಇಷ್ಟು, ಸ್ವಂತ ಹುಡುಕಾಟಕ್ಕೆ ಇಷ್ಟು, ಬರವಣಿಗೆಗೆ ಇಷ್ಟು ಎಂದು ಮೊದಲೇ ಬೋರ್ಡಿನ ಮೇಲೆ ಬರೆದುಬಿಡುವುದು. ತಿದ್ದಿದ ಹಾಳೆಯನ್ನು ವಾಪಸ್ ಕೊಡುವುದು.

ಮೂರನೇ ವರ್ಷದಲ್ಲಿ ಅದೇ ವಿಷಯವನ್ನು ಇನ್ನೊಬ್ಬ ಮೇಡಂಗೆ ಬರೆದುಕೊಟ್ಟೆ. ಅವರು ಕೊಟ್ಟದ್ದು ಐದು. ಆದರೆ ಹಾಳೆ ಕೈಗೆ ಬಂತು, ಅಂಚಿನಲ್ಲಿ ಕೆಂಪು ಪೆನ್ನಿನ ಒಂದು ಸಾಲು: ‘ಕೆಳಗಿನವರ ಮಾತು ಕೇಳಿದಿ, ಮೇಲಿನ ಭಾಗದವರದು ಎಲ್ಲಿ?’ ಐದು ಬಂತು ಎಂದೇ ಗೆಳೆಯರಿಗೆ ಹೇಳಿದೆ. ಆ ಭಾನುವಾರ ಕಾಲುವೆಯ ಮೇಲಿನ ಭಾಗದ ಕಾರಟಗಿಯ ಬಸ್ ಹತ್ತಿದೆ.